ಏಳಲಾರದವನ ಎರಡು ಅಪರಾಧ

ಮಾನ್ಯ ಪ್ರಾಂತಾಧಿಕಾರಿಗಳೇ,

ಕುಳಿತೇ ಓದಿ, ಈ ಪತ್ರ ಬಂತೆಂದು ಏಳಬೇಕಾಗಿಲ್ಲ. ಏಳುವುದು, ಕೂರುವುದು ಇವೆರಡರ ವಿಷಯವಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹೋದ ತಿಂಗಳು, ಅಂದರೆ ೧೯೪೮ರ ನವೆಂಬರ್ ಹನ್ನೊಂದನೆಯ ತಾರೀಖು, ನಿಮ್ಮ ಕಚೇರಿಯಿಂದ ನಮ್ಮ ಹಳ್ಳಿಯ ಮಾಜಿ ವಾಲೀಕಾರ ಉಳಿವೆಪ್ಪನಿಗೆ ಒಂದು ಲಕೋಟೆ ಬಂತು. ಒಳಗೆ ಎರಡು ಹುಕುಂ. ಆರು ವರ್ಷದ ಹಿಂದೆ ಸಾಹೇಬರ ಎದುರು ಅವನು ಏಳದೆ ಕೂತದ್ದು ರೋಗದಿಂದಲೇ ಹೊರತು ದೇಶಾಭಿಮಾನದಿಂದಲ್ಲ, ಆದ್ದರಿಂದ ಚಳವಳಿಯಲ್ಲಿ ನೌಕರಿ ಹೋದವರಿಗೆ ಮರಳಿ ಕೊಡುವಂತೆ ಇವನ ಜಮೀನನ್ನು ಕೊಡಲಾಗದು ಎಂದು ಮೊದಲನೆಯದು ಹೇಳುತ್ತದೆ. ಅವನು ಏಳದೆ ಕೂತದ್ದು ಉದ್ಧಟತನದಿಂದಲೇ ಹೊರತು ರೋಗದಿಂದಲ್ಲ, ಆದ್ದರಿಂದ ರೋಗದಿಂದ ಅಶಕ್ತನಾದ ನೌಕರನೆಂದು ದಯೆ ತೋರಲಾಗದು ಎಂದು ಎರಡನೆಯದು ಹೇಳುತ್ತದೆ. ಎರಡಕ್ಕೂ ಒಂದೇ ತಾರೀಖು, ಒಂದೇ ಶಾಯಿ, ಒಂದೇ ಸಹಿ. ಒಂದು ಹುಕುಮಿನ ಶಾಯಿ ಇನ್ನೊಂದರ ಬೆನ್ನಿಗೆ ಹತ್ತಿಕೊಂಡಿತ್ತು. ಒಣಗುವ ತನಕವೂ ನೀವು ಕಾಯಲಿಲ್ಲ ಎಂದು ಕಾಣುತ್ತದೆ. ಒಬ್ಬ ಮನುಷ್ಯ ಒಂದೇ ಗಳಿಗೆಯಲ್ಲಿ ಏಳಬಲ್ಲವನೂ ಏಳಲಾರದವನೂ ಆಗಿದ್ದನೆಂಬ ಈ ಶೋಧಕ್ಕಾಗಿ ನಿಮ್ಮನ್ನು ಅಭಿನಂದಿಸಬೇಕೆಂದಿದ್ದೆ. ಆದರೆ ಆ ಮನುಷ್ಯನ ಪರಿಚಯ ನನಗಿದೆ. ಅದೇ ತೊಡಕು.

ನಾನು ಆ ಹಳ್ಳಿಯ ಕುಲಕರ್ಣಿಯಾಗಿದ್ದವನು. ಹಳ್ಳಿ ತಡಸದಿಂದ ಎರಡು ಹರದಾರಿ. ಅದರ ಹೆಸರು ನಿಮ್ಮ ದಫ್ತರದಲ್ಲಿದೆ, ಇಲ್ಲಿ ಬರೆದು ಊರವರನ್ನು ನಾಚಿಸುವುದಿಲ್ಲ. ವಾಲೀಕಾರನೆಂದರೆ ಯಾರು ಎಂದು ನಿಮಗೆ ಗೊತ್ತು, ಈ ಬಹಿರಂಗ ಪತ್ರವನ್ನು ಪತ್ರಿಕೆಯಲ್ಲಿ ಓದುವ ಪೇಟೆಯವರಿಗಾಗಿ ಹೇಳುತ್ತೇನೆ: ಊರು ಕಾಯುವವನು, ಸಮನ್ಸು ಮುಟ್ಟಿಸುವವನು, ಚಾವಡಿಯ ಕಸ ಹೊಡೆಯುವವನು, ಸರಕಾರದ ಕಾಗದಗಳ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ತಾಲೂಕಿಗೆ ನಡೆಯುವವನು. ಅವನಿಗೆ ಪಗಾರವಿಲ್ಲ. ಅಪ್ಪನಿಂದ ಮಗನಿಗೆ ಬರುವ ತುಂಡು ಜಮೀನೇ ಪಗಾರ. ಕಾಲು ನಡೆಯುವ ತನಕ ಜಮೀನು ಅವನದು. ಕಾಲು ನಿಂತ ದಿನ ಅದು ಬೇರೆ ಕಾಲುಗಳ ಪಾಲು. ಉಳಿವೆಪ್ಪನಿಗೆ ಮಕ್ಕಳಿಲ್ಲ. ಆದ್ದರಿಂದ ಅವನ ಮನೆಯ ರೊಟ್ಟಿ ಅವನ ಎರಡು ತೊಡೆಗಳ ಮೇಲೆಯೇ ನಿಂತಿತ್ತು. ಇದನ್ನು ನೆನಪಿಡಿ, ಮುಂದಿನದೆಲ್ಲ ಇದರಿಂದಲೇ ಹುಟ್ಟಿದೆ.

೧೯೪೧ರ ಚಳಿಗಾಲದ ಒಂದು ಬೆಳಿಗ್ಗೆ, ಶಿಗ್ಗಾಂವಿ ಕಚೇರಿಗೆ ಹೊರಡುವ ಹೊತ್ತಿಗೆ, ಅವನು ಪೆಟ್ಟಿಗೆಯ ಮೇಲೆ ಬಗ್ಗಿ ಎರಡೂ ಕೈ ಹಾಕಿ ಹಾಗೆಯೇ ನಿಂತುಬಿಟ್ಟ. ಏನನ್ನೋ ಮರೆತವನಂತೆ ಇದ್ದ. ಆಮೇಲೆ ಮುಖ ಎತ್ತದೆ, "ರಾಯರ, ಒಂದ ಕೈ ಹಚ್ಚರಿ" ಎಂದ. ಹದಿನಾಲ್ಕು ವರ್ಷದಲ್ಲಿ ಅವನು ನನ್ನ ಕೈ ಕೇಳಿದ್ದು ಅದೇ ಮೊದಲು. ನಾನು ಒಂದು ಬದಿ ಎತ್ತಿಕೊಟ್ಟೆ. ತಲೆಗೆ ಏರಿದ ಮೇಲೆ ಎಂದಿನಂತೆ ನಡೆದ. ನಾನು ಬೆನ್ನ ಹಿಂದೆ ಕುದುರೆಯ ಮೇಲೆ. ಆದ್ದರಿಂದ ಏನೂ ಆಗಿಲ್ಲವೆಂದು ತಿಳಿದೆ. ಈ ರೋಗದ ಕಪಟವೇ ಇದು, ಸಾಹೇಬರೇ. ಸಮನಾದ ದಾರಿಯಲ್ಲಿ ರೋಗಿ ನಡೆಯುತ್ತಾನೆ, ಮಾತಾಡುತ್ತಾನೆ, ನಗುತ್ತಾನೆ. ಸೊಂಟದ ಸುತ್ತಲಿನ, ಹೆಗಲಿನ ಸುತ್ತಲಿನ ಮಾಂಸವಷ್ಟೇ ಮೆಲ್ಲಗೆ ಕರಗುತ್ತಿರುತ್ತದೆ. ನೆಲದಿಂದ ಏಳಬೇಕಾದಾಗ, ಮೆಟ್ಟಿಲು ಹತ್ತಬೇಕಾದಾಗ, ರುಮಾಲು ಸುತ್ತಲು ಕೈ ಮೇಲೆತ್ತಬೇಕಾದಾಗ ಮಾತ್ರ ಅದು ಕಾಣುತ್ತದೆ. ಅಂದರೆ ರೋಗಿ ಯಾವಾಗ ಸೋಮಾರಿಯಂತೆ ಕಾಣುತ್ತಾನೋ ಆಗ ಮಾತ್ರ ರೋಗವೂ ಕಾಣುತ್ತದೆ.

ಮನೆಯಲ್ಲಿ ಅವನು ಏಳುತ್ತಿದ್ದ ಬಗೆಯನ್ನು ಅವನ ಹೆಂಡತಿ ಭರಮವ್ವ ಬಹಳ ತಡವಾಗಿ ನನಗೆ ಹೇಳಿದಳು. ಮೊದಲು ಬೋರಲಾಗಿ ಮಗುಚಿಕೊಳ್ಳುವುದು, ಆಮೇಲೆ ಕೈ ಊರಿ ದನದ ಹಾಗೆ ನಾಲ್ಕು ಕಾಲ ಮೇಲೆ ನಿಲ್ಲುವುದು, ಆಮೇಲೆ ಒಂದೊಂದೇ ಕೈಯನ್ನು ಮೊಳಕಾಲಿಗೆ, ತೊಡೆಗೆ ಇಡುತ್ತ ತನ್ನ ಕಾಲನ್ನೇ ತಾನು ಮರ ಹತ್ತಿದಂತೆ ಹತ್ತುವುದು. ಅಷ್ಟು ಹೊತ್ತೂ ಬಾಗಿಲಿಗೆ ಅಗಳಿ. ಬಯಲಿಗೆ ಹೋಗಲು ಕೆರೆಯ ದಂಡೆಯ ಮೇಲೆ ಒಂದು ಬಾಗಿದ ಜಾಲಿಯ ಮರವನ್ನು ಗೊತ್ತು ಮಾಡಿಕೊಂಡಿದ್ದ. ಅದರ ಕೊಂಬೆ ಹಿಡಿದು ಜಗ್ಗಿಕೊಂಡರೆ ಏಳಬಹುದಿತ್ತು. ಮರುವರ್ಷ ಗೌಡರು ಉರುವಲಿಗೆಂದು ಆ ಮರ ಕಡಿಸಿದರು. ಅಂದಿನಿಂದ ಹೆಂಡತಿ ಜೊತೆಗೆ ಹೋಗಬೇಕಾಯಿತು. ಊರಿನ ಹೆಂಗಸರು ನಕ್ಕರು. ಗಂಡನ ಮೇಲೆ ಇಷ್ಟೊಂದು ಸಂಶಯವೇ ಎಂದು ಆಕೆಯನ್ನೇ ಕೇಳಿದರು. ಆಕೆ ಹೌದೆಂದಳು. ಸಂಶಯದವಳು ಎನ್ನಿಸಿಕೊಂಡರೆ ಜಮೀನು ಹೋಗುವುದಿಲ್ಲವಲ್ಲ.

ಚಾವಡಿಯಲ್ಲಿ ಅವನು ಕೂರುವುದನ್ನೇ ಬಿಟ್ಟ. ಉಳಿದ ವಾಲೀಕಾರರು, ತಳವಾರರು ಕಟ್ಟೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ತಂಬಾಕು ತಿಕ್ಕುತ್ತಿದ್ದರೆ ಇವನು ಕಂಬಕ್ಕೆ ಹೆಗಲು ಕೊಟ್ಟು ತಾಸುಗಟ್ಟಲೆ ನಿಂತಿರುತ್ತಿದ್ದ. ನಮಗೆ ತಿಳಿದದ್ದು ಏನು? ಹಿರಿಯರ ಮುಂದೆ ಕೂರಬಾರದೆಂಬ ಭಯಭಕ್ತಿ ಎಂದು. ಗೌಡರು ಉಳಿದವರಿಗೆ, "ಉಳಿವೆಪ್ಪನ್ನ ನೋಡಿ ಕಲೀರಿ, ನಮ್ಮ ಮುಂದ ಒಂದಿನಾ ಕುಂತಾಂವಲ್ಲ" ಎಂದು ಬುದ್ಧಿ ಹೇಳುತ್ತಿದ್ದರು. ನಾನು ಆ ವರ್ಷದ ನೌಕರರ ಪಟ್ಟಿಯಲ್ಲಿ ಅವನ ಹೆಸರಿನ ಎದುರು 'ಅತ್ಯಂತ ನಮ್ರ' ಎಂದು ಬರೆದೆ. ಸ್ನಾಯು ಕರಗುತ್ತಿರುವ ಮನುಷ್ಯನಿಗೆ ಸರಕಾರ ಕೊಟ್ಟ ಮೊದಲ ಪ್ರಶಸ್ತಿ ಪತ್ರ ಅದು. ನಿಮ್ಮ ದಫ್ತರದಲ್ಲಿಯೇ ಇದೆ. ಧೂಳು ಕೊಡವಿದರೆ ಸಿಕ್ಕೀತು.

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಂದು ವರ್ಷ ಆ ಪೆಟ್ಟಿಗೆಯ ಇನ್ನೊಂದು ಬದಿಯನ್ನು ಎತ್ತಿದವನು ನಾನೇ. ಒಮ್ಮೆ ಅವನ ಕೈ ಜಾರಿ ಪೆಟ್ಟಿಗೆ ನನ್ನ ಪಾದದ ಪಕ್ಕಕ್ಕೆ ಬಿದ್ದಾಗ ಅವನ ದಟ್ಟಿ ಸರಿದು ತೊಡೆ ಕಂಡಿತು. ಹನ್ನೆರಡು ವರ್ಷದ ಹುಡುಗಿಯ ತೊಡೆ ಅದು. ನಾನು ಮುಖ ತಿರುಗಿಸಿದೆ. ಮೇಲಿನವರಿಗೆ ತಿಳಿಸಿದರೆ ಹೊಸ ವಾಲೀಕಾರನನ್ನು ಹುಡುಕಬೇಕು, ಕಾಗದ ನಡೆಸಬೇಕು, ಅವನಿಗೆ ಕೆಲಸ ಕಲಿಸಬೇಕು. ನನಗೆ ಬೇಕಾಗಿದ್ದದ್ದು ಮಧ್ಯಾಹ್ನದ ಬಿಡುವು. ಬಂಗಾಲಿಯಿಂದ, ಮರಾಠಿಯಿಂದ, ಇಂಗ್ಲಿಷಿನ ಮೂಲಕ ಎಲ್ಲೆಲ್ಲಿಂದಲೋ ನಮ್ಮ ಭಾಷೆಗೆ ಬಂದ ಕಾದಂಬರಿಗಳನ್ನು ಓದುವುದು ನನ್ನ ಒಂದೇ ಚಟ. ನಾನು ಕಾಣದ ಊರುಗಳ ಬಡವರಿಗಾಗಿ ನಾನು ಚಾವಡಿಯೊಳಗೆ ಕೂತು ಕಣ್ಣೀರು ಹಾಕಿದ್ದೇನೆ. ಉಳಿವೆಪ್ಪ ಆಗ ಹೊರಗೆ ಕಂಬಕ್ಕೆ ಒರಗಿ ನಿಂತಿದ್ದ, ಯಾರೂ ಒಳಗೆ ಬಂದು ನನ್ನ ಓದು ಕೆಡಿಸದ ಹಾಗೆ ನೋಡಿಕೊಂಡು.

ಇನ್ನು ಆ ದಿನ. ೧೯೪೨ರ ನವೆಂಬರ್. ಸುತ್ತಲಿನ ಹಳ್ಳಿಗಳಲ್ಲಿ ಚಾವಡಿಯ ದಫ್ತರಗಳಿಗೆ ಬೆಂಕಿ ಬೀಳುತ್ತಿದ್ದ ಕಾಲ. ಸುಡದೆ ಉಳಿದ ಕಾಗದಗಳನ್ನು ನೋಡಲು ಪ್ರಾಂತ ಸಾಹೇಬರು ಪೋಲೀಸರ ಜೊತೆ ಬಂದರು. ಆಗಿನವರು ಬಿಳಿಯರು, ನೀವಲ್ಲ. ಆದರೆ ಕುರ್ಚಿ ಅದೇ, ಅದರ ಬೆತ್ತವನ್ನಷ್ಟೇ ಆಮೇಲೆ ಹೆಣಿಸಿದ್ದಾರೆ. ಆ ವರ್ಷ ನಿಂತ ಮನುಷ್ಯರನ್ನು ಕಂಡರೆ ನಿಮ್ಮ ಕುರ್ಚಿಗೆ ಅಂಜಿಕೆ. ಆದ್ದರಿಂದ ಚಾವಡಿಯ ಎದುರು ಸೇರಿದವರೆಲ್ಲ ಕೂರಬೇಕೆಂದು ಅಪ್ಪಣೆಯಾಯಿತು. ಎಲ್ಲರೂ ಕೂತರು. ಉಳಿವೆಪ್ಪ ಕಂಬದ ಬಳಿ ನಿಂತೇ ಇದ್ದ. ಪೋಲೀಸನೊಬ್ಬ ಹೆಗಲ ಮೇಲೆ ಬಡಿಗೆ ಇಟ್ಟು ಒತ್ತಿದ. ಅವನು ಕೂತ. ಕೂತದ್ದೆಂದರೆ ತಪ್ಪಾದೀತು, ಬಿದ್ದ, ಬಿದ್ದು ಕೂತವರ ಹಾಗೆ ಕಾಲು ಮಡಿಚಿಕೊಂಡ. ಅಲ್ಲಿಂದ ನನ್ನ ಕಡೆ ಒಮ್ಮೆ ನೋಡಿದ. ಮುಂದೆ ಏನಾಗುತ್ತದೆಂದು ಆ ಜಾಗದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಸಾಹೇಬರು ತಪಾಸಣೆ ಮುಗಿಸಿ ಎದ್ದರು. ಎಲ್ಲರೂ ಎದ್ದರು. ಎಲ್ಲರಿಗಿಂತ ಮೊದಲು ನಾನು ಎದ್ದೆ. ನಿಂತ ನೂರು ಜನರ ನಡುವೆ ಒಬ್ಬ ಕೂತೇ ಇದ್ದ. ಸಾಹೇಬರು ಅವನ ಎದುರು ಬಂದು ನಿಂತರು. ಅವನು ಮುಖ ಎತ್ತಿ ಅವರನ್ನು ನೋಡಿದ. ನೆಲವನ್ನು ನೋಡಿದ್ದರೆ ಪಾರಾಗುತ್ತಿದ್ದನೇನೋ. ಆದರೆ ತಲೆ ಬಗ್ಗಿಸಿದರೆ ಮುಂದಕ್ಕೆ ಮುಗ್ಗರಿಸುವ ಭಯ ಅವನಿಗಿತ್ತು. ಇದನ್ನು ಅವನೇ ಆಮೇಲೆ ಹೇಳಿದ. ಹಿಂದಿನಿಂದ ಯಾರೋ ಒಬ್ಬರು ಸಣ್ಣ ದನಿಯಲ್ಲಿ ಜಯಕಾರ ಹಾಕಿದರು. ಅಲ್ಲಿಗೆ ಅವನ ಹಣೆಬರಹ ಮುಗಿಯಿತು. ಇಬ್ಬರು ಪೋಲೀಸರು ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದರು. ನಿಲ್ಲಿಸಿದ ಕೂಡಲೇ ಅವನು ನೆಟ್ಟಗೆ ನಿಂತ, ನೆಟ್ಟಗೆ ನಡೆದ. ಕಾಲಿನಲ್ಲಿ ಶಕ್ತಿಯಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಕಚೇರಿಯಲ್ಲಿ ವಿಚಾರಣೆ. ಹಿರಿಯ ಗುಮಾಸ್ತರಾದ ಅವಲ ಕಾರಕೂನರು ಬೇಸರದಿಂದಲೇ ಕೇಳಿದರು: "ಯಾಕಲೇ, ಮೈಯಾಗ ಆರಾಮ ಇರಲಿಲ್ಲೇನು? ಖರೇ ಹೇಳು."

ಅದು ಬಾಗಿಲು. ತೆರೆದೇ ಇತ್ತು. ಉಳಿವೆಪ್ಪ ನನ್ನ ಮುಖ ನೋಡಿದ. ಆರಾಮವಿಲ್ಲ, ಕಾಲು ಹೋಗಿವೆ ಎಂದರೆ ಜಮೀನು ಅಂದೇ ಹೋಗುತ್ತದೆ. ಸೊಕ್ಕು ಬಂದಿತ್ತು ಎಂದರೆ ನಾಲ್ಕು ಏಟು, ಎಂಟು ದಿನದ ಕೈದು, ಆಮೇಲೆ ಮತ್ತೆ ಅದೇ ಕಂಬ. ಊರಿನಲ್ಲಿ ಯಾರನ್ನು ಕೇಳಿದರೂ ಲೆಕ್ಕ ಹೀಗೆಯೇ ಬರುತ್ತಿತ್ತು. "ಮೈ ಗಟ್ಟಿ ಐತ್ರಿ," ಎಂದ. "ಏಳಬಾರದಂತ ಕುಂತೇನಿ." ಕಾರಕೂನರು ನನ್ನ ಕಡೆ ತಿರುಗಿದರು. ಪಂಚನಾಮೆ ಬರೆದವನು ನಾನು: 'ಆರೋಪಿಯು ಸದೃಢ ಮೈಕಟ್ಟಿನವನಿದ್ದು, ಯಾವ ಬೇನೆಯೂ ಇಲ್ಲದವನೆಂದು ನಾನು ಖಾಸಾ ಬಲ್ಲೆನು.' ಖಾಸಾ ಬಲ್ಲೆನು ಎಂಬ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವನ ಸುಳ್ಳಿಗೆ ಊರುಗೋಲು ಕೊಡುತ್ತಿದ್ದೇನೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅಶಕ್ತ ನೌಕರನನ್ನು ಒಂದು ವರ್ಷ ಬಚ್ಚಿಟ್ಟದ್ದು ಏಕೆಂದು ನನ್ನನ್ನು ಯಾರೂ ಕೇಳಬಾರದು ಎಂಬುದೂ ಆ ಊರುಗೋಲಿನಲ್ಲಿತ್ತು. ನನ್ನ ಅಕ್ಷರ ದುಂಡಾಗಿವೆ. ಕಾರಕೂನರು ಹೊಗಳಿದರು.

ಎಂಟು ದಿನವಲ್ಲ, ಒಂಬತ್ತು ತಿಂಗಳು. ಜಮೀನೂ ಜಪ್ತಿ. ಜೈಲಿನಲ್ಲಿ ಕೈದಿಗಳನ್ನು ದಿನಕ್ಕೆ ಮೂರು ಸಲ ಜೋಡಿ ಜೋಡಿಯಾಗಿ ಕುಕ್ಕರುಗಾಲಲ್ಲಿ ಕೂರಿಸಿ ಎಣಿಸುತ್ತಾರೆ, ಎಣಿಸಿದ ಜೋಡಿ ಏಳಬೇಕು. ಏಳಲಾರದವನಿಗೆ ಇದಕ್ಕಿಂತ ಒಳ್ಳೆಯ ಮನೆಯನ್ನು ಸರಕಾರ ಹುಡುಕಬಹುದಿತ್ತೇ? ದಿನಕ್ಕೆ ಮೂರು ಸಲ ಅವನು ಏಳಲಿಲ್ಲ, ಮೂರು ಸಲ ಏಟು ಬಿತ್ತು. ಜೊತೆಗಿದ್ದ ಚಳವಳಿಯ ಹುಡುಗರು ಇವನ ಛಲ ಕಂಡು ತಾವೂ ಏಳುವುದನ್ನು ಬಿಟ್ಟರು, ಅವರಿಗೂ ಏಟು. ನಾಲ್ಕನೆಯ ದಿನ ಅವರು ಸೋತು ಎದ್ದರು. ಇವನು ಏಳಲಿಲ್ಲ. ಆ ವಾರ್ಡಿನಲ್ಲಿ ಅಷ್ಟು ಗಟ್ಟಿ ಮನುಷ್ಯ ಇನ್ನೊಬ್ಬನಿಲ್ಲ ಎಂದು ಹೆಸರಾಯಿತು. ಅವನು ಅವರಿಗೆ ನಿಜ ಹೇಳಲಿಲ್ಲ. ಯಾಕೆ ಎಂದು ನಾನು ಕೇಳಿದಾಗ ಅಂದದ್ದು ಇಷ್ಟು: "ಹುಟ್ಟಿದಾಗಿಂದ ಯಾರೂ ನನ್ನ ಹಂಗ ನೋಡಿರಲಿಲ್ಲರಿ, ರಾಯರ."

ಅಲ್ಲಿಯ ಡಾಕ್ಟರರು ಅವನ ಸಣ್ಣ ಕೆಮ್ಮು ಕೇಳಿದರು, ಕತ್ತಿನ ಗಂಟು ಮುಟ್ಟಿದರು, ಕ್ಷಯ ಎಂದರು. ಅವರನ್ನು ಬೈಯಲಾರೆ, ಹತ್ತರಲ್ಲಿ ಒಂಬತ್ತು ಡಾಕ್ಟರರು ಹಾಗೆಯೇ ಹೇಳುತ್ತಿದ್ದರಂತೆ. ಕ್ಷಯಕ್ಕೆ ಮದ್ದು ಮೂರು: ಮೈತುಂಬ ಬಿಸಿಲು, ಮೀನೆಣ್ಣೆ, ಸುಣ್ಣದ ಸೂಜಿ, ಡಾಕ್ಟರರ ಭಾಷೆಯಲ್ಲಿ ಕ್ಯಾಲ್ಸಿಯಂ. ಸರಕಾರ ಆ ಒಂದು ವಿಷಯದಲ್ಲಿ ಅವನಿಗೆ ಕಡಿಮೆ ಮಾಡಲಿಲ್ಲ. ದಿನವೂ ಬಿಸಿಲಿಗೆ ಹಾಕಿದರು, ಎಣ್ಣೆ ಕುಡಿಸಿದರು, ಸೂಜಿ ಚುಚ್ಚಿದರು. ಅವನಿಗೆ ಬಾಯಾರಿಕೆ ಹತ್ತಿತು. ಎಷ್ಟು ಕುಡಿದರೂ ಆರದ ಬಾಯಾರಿಕೆ. ಎಲುಬು ನೋಯಲು ಸುರುವಾಯಿತು, ಉಚ್ಚೆಯಲ್ಲಿ ಹರಳು ಬಿದ್ದವು, ಅನ್ನ ಕಂಡರೆ ವಾಂತಿ. ಮಾಂಸ ಇನ್ನೂ ಬೇಗ ಕರಗಿತು.

ಬಿಡುಗಡೆಯಾಗಿ ಬಂದಾಗ ಊರು ಅವನನ್ನು ಚಕ್ಕಡಿಯಲ್ಲಿ ಮೆರೆಸಿತು. ಕೊರಳಿಗೆ ಹಾಕಿದ ಚೆಂಡುಹೂವಿನ ಮಾಲೆಯ ಭಾರಕ್ಕೆ ಕತ್ತು ವಾಲಿತ್ತು, ವಿನಯ ಎಂದರು. ಕೂತಲ್ಲಿಂದಲೇ ಸರಕಾರವನ್ನು ನಡುಗಿಸಿದ ಎಂದು ಒಬ್ಬರು ಭಾಷಣ ಮಾಡಿದರು. ಭರಮವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, "ಕುಂತಲ್ಲೇ ಸ್ವರಾಜ್ಯ ತರಾಂವ ನಮ್ಮ ಮನ್ಯಾಗ ಒಬ್ಬಾಂವ ಅದಾನ ನೋಡ್ರಿ, ನೀರಿನ ತಂಬಿಗಿ ಮಾತ್ರ ನಾನ ತರಬೇಕು" ಎಂದಳು. ಜನ ನಕ್ಕರು. ಅವನೂ ನಕ್ಕ. ಆಮೇಲೆ ಮೂರು ವರ್ಷ ಆಕೆ ಜೈಲಿನ ಡಾಕ್ಟರರ ಚೀಟಿಯನ್ನು ದೇವರ ಮಾತಿನಂತೆ ಪಾಲಿಸಿದಳು. ಮುಂಜಾನೆ ಹೊರಸು ಹೊರಗೆ ತಂದು ಬಿಸಿಲಿಗೆ ಹಾಕುವುದು, ಮೈಗೆ ಎಣ್ಣೆ ತಿಕ್ಕುವುದು, ಎಮ್ಮೆಯ ಹಾಲು, ಎಲೆಗೆ ಹಚ್ಚುವ ಸುಣ್ಣವನ್ನು ಕದಡಿ ತಿಳಿ ಬಸಿದು ಮಜ್ಜಿಗೆಯಲ್ಲಿ ಕೂಡಿಸಿ ಕೊಡುವುದು. ಎಲುಬು ನೋಯುತ್ತದೆ ಎಂದರೆ ಎಲುಬಿಗೆ ಸುಣ್ಣ ಸಾಲದು ಎಂದು ಇನ್ನಷ್ಟು ಸುಣ್ಣ. ಊರಿನಲ್ಲಿ ಯಾವ ಗಂಡನಿಗೂ ಅಂಥ ಆರೈಕೆ ಆಗಿಲ್ಲ.

ಗುರುವಾರ ಗುರುವಾರ ಆಕೆ ಅವನನ್ನು ಹುಲಗೂರಿನ ದರ್ಗಾಕ್ಕೆ ಕರೆದೊಯ್ಯುತ್ತಿದ್ದಳು. ಅಲ್ಲಿ ೧೯೪೬ರಲ್ಲಿ ಅವರನ್ನು ಕಂಡವನು ಸವಣೂರಿನ ಮಹಮ್ಮದಗೌಸ. ಲಡಾಯಿಯಲ್ಲಿ ಪಲಟಣದ ದವಾಖಾನೆಯ ಕಂಪೌಂಡರನಾಗಿದ್ದು ಆಗಷ್ಟೇ ಊರಿಗೆ ಬಂದಿದ್ದ. ಅವನು ಮೆಟ್ಟಿಲ ಮೇಲೆ ಕೂತು ಉಳಿವೆಪ್ಪ ಒಂದು ಕೊಡ ನೀರು ಖಾಲಿ ಮಾಡುವುದನ್ನು ಸುಮ್ಮನೆ ನೋಡಿದನಂತೆ. ಆಮೇಲೆ ಬಂದು ತೊಡೆ ಹಿಸುಕಿ, "ಅವ್ವಾ, ಇದು ಕ್ಷಯ ಅಲ್ಲ. ಕ್ಷಯದಾಗ ಹಿಂಗ ನೀರು ಬೇಡೂದಿಲ್ಲ" ಎಂದ. ಚಾವಡಿಯಲ್ಲಿ, ಕಚೇರಿಯಲ್ಲಿ, ಜೈಲಿನಲ್ಲಿ ಎರಡು ವರ್ಷ ಸರಕಾರ ಆ ಮನುಷ್ಯನನ್ನು ನೋಡಿತು. ಅವನನ್ನು ಕಂಡದ್ದು ಈ ಕಂಪೌಂಡರ, ಅದೂ ದರ್ಗಾದ ಮೆಟ್ಟಿಲ ಮೇಲೆ.

ಅವನಿಗೆ ಪಲಟಣದಲ್ಲಿ ಪರಿಚಯವಿದ್ದ ಡಾಕ್ಟರರೊಬ್ಬರು ಆಗ ಮುಂಬಯಿಯಲ್ಲಿದ್ದರು. ಗಂಡ ಹೆಂಡತಿ, ಮಹಮ್ಮದಗೌಸ, ನಾನು, ನಾಲ್ವರೂ ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆವು, ಉಳಿವೆಪ್ಪನನ್ನು ಹತ್ತಿಸಿದೆವು. ಆ ಡಾಕ್ಟರರು ಕತ್ತಿನ ಗಂಟು ಒಂದನ್ನು ತೆಗೆದು ನೋಡಿದರು, ರಕ್ತದಲ್ಲಿ ಸುಣ್ಣ ಎಷ್ಟಿದೆಯೆಂದು ಅಳೆಸಿದರು. ಅವರು ಹೇಳಿದ್ದನ್ನು ನಾನು ಅಂದೇ ಬರೆದುಕೊಂಡಿದ್ದೇನೆ. ರೋಗ ಒಂದಲ್ಲ, ಎರಡು. ಮೊದಲನೆಯದರ ಹೆಸರು ಸಾರ್ಕಾಯ್ಡೋಸಿಸ್. ಪುಪ್ಪುಸದಲ್ಲಿ, ಕತ್ತಿನಲ್ಲಿ, ಕೆಲವರಿಗೆ ಮಾಂಸದೊಳಗೇ ಸಣ್ಣ ಗಂಟುಗಳು ಕಟ್ಟುತ್ತವೆ. ಕ್ಷಯದಂತೆ ಕಾಣುತ್ತದೆ, ಕ್ಷಯದ ಕ್ರಿಮಿ ಮಾತ್ರ ಇಲ್ಲ. ಎರಡನೆಯದು ಕಂಠದಲ್ಲಿ. ಅಲ್ಲಿ ತೊಗರಿಬೇಳೆಯಷ್ಟು ಸಣ್ಣ ನಾಲ್ಕು ಗ್ರಂಥಿಗಳು, ಪ್ಯಾರಾಥೈರಾಯ್ಡ್ ಎಂದು ಹೆಸರು, ಮೈಯ ಸುಣ್ಣದ ಮೇಲೆ ಅಧಿಕಾರ ನಡೆಸುತ್ತವೆ. ಅವುಗಳಲ್ಲಿ ಒಂದು ಉಬ್ಬಿ ಬಾರಿಹಣ್ಣಿನಷ್ಟಾಗಿತ್ತು. ಅದು ಎಲುಬಿನ ಸುಣ್ಣವನ್ನು ಕಿತ್ತು ರಕ್ತಕ್ಕೆ ಸುರಿಯುತ್ತಿತ್ತು. ಎರಡು ರೋಗವೂ ಕೂಡಿ ರಕ್ತದಲ್ಲಿ ಸುಣ್ಣ ಏರಿಸಿದ್ದವು, ಎರಡೂ ಕೂಡಿ ಮಾಂಸವನ್ನು ತಿಂದಿದ್ದವು. ತೊಗರಿಬೇಳೆಯಷ್ಟು ಅಧಿಕಾರಿಯೊಬ್ಬ ಸೊಕ್ಕಿದರೆ ಇಡೀ ಮೈ ಹೇಗೆ ಹಾಳಾಗುತ್ತದೆ ಎಂಬುದನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಇಷ್ಟು ದಿನ ಏನು ಕೊಟ್ಟಿರಿ ಎಂದು ಅವರು ಕೇಳಿದರು. ಭರಮವ್ವ ಬೆರಳು ಮಡಿಚುತ್ತ ಹೇಳಿದಳು, ಸ್ವಲ್ಪ ಹೆಮ್ಮೆಯಿಂದಲೇ: ಹಾಲು, ಸುಣ್ಣದ ತಿಳಿ, ಮೀನೆಣ್ಣೆ, ದಿನಾ ಎರಡು ತಾಸು ಬಿಸಿಲು, ಒಂದು ದಿನವೂ ತಪ್ಪಿಸಿಲ್ಲ. ಡಾಕ್ಟರರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ನನ್ನನ್ನು ಹೊರಗೆ ಕರೆದು, ಇವೆಲ್ಲ, ಬಿಸಿಲು ಕೂಡ, ರಕ್ತದ ಸುಣ್ಣವನ್ನೇ ಏರಿಸುತ್ತವೆ, ಆಕೆಗೆ ಹೇಳಬೇಡಿ, ಆದರೆ ಇವತ್ತಿನಿಂದ ಎಲ್ಲ ನಿಲ್ಲಿಸಿ ಎಂದರು. ಗಂಟಲು ಕೊಯ್ದು ಆ ಬಾರಿಹಣ್ಣನ್ನು ತೆಗೆದರು. ಮೂರನೆಯ ದಿನ ಉಳಿವೆಪ್ಪ ನೀರು ಕೇಳುವುದನ್ನು ಮರೆತ. ಕರಗಿದ ಮಾಂಸ ಬರಲು ವರ್ಷಗಳು ಬೇಕು, ಮೊದಲ ರೋಗ ಇನ್ನೂ ಒಳಗಿದೆ, ಪೂರ್ತಿ ಬಾರದಿರಲೂಬಹುದು ಎಂದರು. ಮರಳುವಾಗ ರೈಲಿನಲ್ಲಿ ಭರಮವ್ವ ಕೇಳಿದಳು: "ರಾಯರ, ಆ ಡಾಕ್ಟರ್ ಪೆನ್ನ ಯಾಕ ಕೆಳಗಿಟ್ರು?" ಶಾಯಿ ಮುಗಿದಿತ್ತು ಎಂದೆ.

ಈ ಪತ್ರ ಬರೆಯುವ ಮೊದಲು ಉಳಿವೆಪ್ಪನನ್ನು ಕೇಳಿದೆ: ನಿಜ ಬರೆದರೆ ಊರಿನಲ್ಲಿ ನಿನ್ನ ಹೆಸರು ಹೋಗುತ್ತದೆ, ಜೈಲಿನ ಹುಡುಗರೂ ಓದುತ್ತಾರೆ. "ಬರೀರಿ. ಆ ಮಾಲಿ ಅವತ್ತ ಒಣಗೈತಿ" ಎಂದ. ನಾನು ಏಳುವಾಗ ಕೈ ಹಿಡಿದು, "ಸುಣ್ಣದ ಸುದ್ದಿ ಒಂದ ಆಕೀಗೆ ಯಾರೂ ಓದಿ ಹೇಳಬಾರದ್ರಿ" ಎಂದ. ಅವನಿಗೆ ಯಾವಾಗಲೋ, ಮುಂಬಯಿಗೆ ಹೋಗುವ ಮೊದಲೇ ಇರಬಹುದು, ಗೊತ್ತಾಗಿದೆ. ಗೊತ್ತಾದ ಮೇಲೂ ಎಷ್ಟು ದಿನ ಆಕೆ ಕೊಟ್ಟ ಮಜ್ಜಿಗೆ ಕುಡಿದನೋ ನಾನು ಕೇಳಲಿಲ್ಲ. ಭರಮವ್ವನಿಗೆ ಓದು ಬಾರದು. ಈ ಪತ್ರಿಕೆ ನಮ್ಮ ಹಳ್ಳಿಗೆ ಬರುತ್ತದೆ. ಓದಿದವರು ಅಷ್ಟರಮಟ್ಟಿಗೆ ಮನುಷ್ಯರಾಗಿರಬೇಕೆಂದು ಕೇಳಿಕೊಳ್ಳುತ್ತೇನೆ.

ಈಗ ನಿಮ್ಮ ವಿಚಾರಣೆಗೆ ಬರುತ್ತೇನೆ. ಈ ವರ್ಷ ಸಪ್ಟೆಂಬರಿನಲ್ಲಿ ಅವನು ಖುದ್ದಾಗಿ ಹಾಜರಾಗಬೇಕೆಂದು ಬರೆದಿರಿ. ಹೊರಸಿನ ಮೇಲೆ ಹೊತ್ತು ತಂದೆವು. ನೀವು ಒಳಗೆ ಬಂದಾಗ ನಿಮ್ಮ ಪಟ್ಟೇವಾಲ, "ಸಾಹೇಬರು ಬಂದ್ರು, ಏಳಪ್ಪ" ಎಂದ. ಭರಮವ್ವ ಅವನಿಗೆ ಹೇಳಿದ್ದು ನಿಮಗೂ ಕೇಳಿಸಿತ್ತು: "ನೀವ ಏಳಿಸ್ರಿ. ಆರು ವರ್ಷದಿಂದ ಸರಕಾರ ಏಳಸಾಕತ್ತೈತಿ, ಎದ್ದಿಲ್ಲ." ನೀವು ನಗಲಿಲ್ಲ. ಹೊರಸಿನಿಂದ ಇಳಿಸಿ ನೆಲದ ಮೇಲೆ ಕೂರಿಸಲು ಹೇಳಿದಿರಿ. ಕೂರಿಸಿದೆವು. ಎದ್ದು ತೋರಿಸು ಎಂದಿರಿ. ನಾನು ಗಡಿಯಾರ ನೋಡಿದ್ದೆ, ಸಾಹೇಬರೇ. ಅವನು ಬೋರಲಾದ, ಕೈ ಊರಿದ, ನಾಲ್ಕು ಕಾಲಿನ ಮೇಲೆ ನಿಂತ. ಆರು ವರ್ಷ ಅಗಳಿ ಹಾಕಿದ ಬಾಗಿಲ ಹಿಂದೆ ಮಾಡಿದ್ದನ್ನು ಹನ್ನೊಂದು ಜನರ ಎದುರು ಮಾಡಿದ. ಒಂದು ಕೈಯನ್ನು ಮೊಳಕಾಲಿಗೆ ತಂದ. ಇನ್ನೊಂದನ್ನು ತೊಡೆಗೆ ತಂದ. ಸೊಂಟ ಮೇಲೆ ಬಂತು, ತಲೆ ಬರಲಿಲ್ಲ. ನಾಲ್ಕು ಮಿನಿಟು. ಆಮೇಲೆ ಮುಖ ಅಡಿಯಾಗಿ ಬಿದ್ದ. ನೀವು 'ಸಾಕು' ಎಂದು ಏನನ್ನೋ ಬರೆದುಕೊಂಡಿರಿ. ಕರುಣೆಯಿಂದ ಬರೆಯುತ್ತಿದ್ದೀರಿ ಎಂದು ನಾನು ನಂಬಿದೆ. ಕಾದಂಬರಿ ಓದುವವರಿಗೆ ಇಂಥ ಭ್ರಮೆ ಬೇಗ ಬರುತ್ತದೆ. ಈಗ ಹುಕುಮಿನಲ್ಲಿ ಓದುತ್ತಿದ್ದೇನೆ: 'ಸಮಕ್ಷಮ ನೋಡಲಾಗಿ ಅರ್ಜಿದಾರನು ಸ್ವಂತ ಬಲದಿಂದ ಅರ್ಧದಷ್ಟು ಎದ್ದನು, ಕಾರಣ ಏಳುವ ಶಕ್ತಿ ಪೂರ್ಣ ಇಲ್ಲವೆಂದು ಹೇಳಲಾಗದು.' ಅವನು ಪ್ರಯತ್ನವನ್ನೇ ಮಾಡದೆ ಬಿದ್ದಿದ್ದರೆ ಗೆಲ್ಲುತ್ತಿದ್ದನೇ? ಅಥವಾ ಆಗ, ಈಗಲೂ ಏಳಲು ಒಪ್ಪದ ಉದ್ಧಟ ಎಂದು ಬರೆಯುತ್ತಿದ್ದಿರೇ? ಬಿಳಿಯ ಸಾಹೇಬರು ಅವನನ್ನು ಕೂರಿಸಿ ಕೆಡಿಸಿದರು, ನೀವು ಏಳಿಸಿ ಕೆಡಿಸಿದಿರಿ. ಸ್ವರಾಜ್ಯ ಬಂದದ್ದರಿಂದ ಆದ ಬದಲಾವಣೆ ಇದೊಂದೇ ಎಂದು ಅವನು ತಿಳಿದುಕೊಂಡರೆ ಅವನ ತಪ್ಪೇ?

ಜಮೀನು ಇಲ್ಲದೆ ಈ ಚಳಿಗಾಲ ಅವರು ಹೇಗೆ ಕಳೆಯುತ್ತಾರೆಂದು ಹೇಳಿ ನಿಮ್ಮ ಮನಸ್ಸು ಕರಗಿಸಲು ನೋಡುವುದಿಲ್ಲ. ಮನಸ್ಸು ಸ್ನಾಯುವಲ್ಲ, ಎಲ್ಲರಲ್ಲೂ ಕರಗುವುದಿಲ್ಲ. ಆದ್ದರಿಂದ ನಿಮ್ಮದೇ ಭಾಷೆಯಲ್ಲಿ ಮಾತಾಡುತ್ತೇನೆ. ೧೯೪೨ರ ನವೆಂಬರಿನ ಆ ಪಂಚನಾಮೆ ಸುಳ್ಳು. ಆರೋಪಿಗೆ ಬೇನೆ ಇದೆಯೆಂದು ನನಗೆ ಗೊತ್ತಿತ್ತು. ಇಲ್ಲವೆಂದು, ಖಾಸಾ ಬಲ್ಲೆನೆಂದು, ಸರಕಾರಿ ನೌಕರನಾದ ನಾನು ನನ್ನ ಕೈಯಿಂದ ಬರೆದು ಸಹಿ ಹಾಕಿದ್ದೇನೆ. ಇದು ಅಪರಾಧ. ಈ ಪತ್ರವೇ ನನ್ನ ತಪ್ಪೊಪ್ಪಿಗೆ, ಇದನ್ನು ಓದಿದವರೆಲ್ಲ ಸಾಕ್ಷಿ. ನನ್ನ ಮೇಲೆ ಖಟ್ಲೆ ಹೂಡಬೇಕೆಂದು ನಾನು ಬೇಡುತ್ತೇನೆ. ಬೇಡುವುದಲ್ಲ, ಹಕ್ಕಿನಿಂದ ಕೇಳುತ್ತೇನೆ.

ಹೂಡಿದರೆ, ಅವನು ಆ ದಿನ ಏಳಲಾರದವನಾಗಿದ್ದ ಎಂದು ಕೋರ್ಟಿನಲ್ಲಿ ನೀವೇ ಸಾಧಿಸಬೇಕಾಗುತ್ತದೆ. ಆಗ ನಿಮ್ಮ ಎರಡನೆಯ ಹುಕುಮನ್ನು ಹರಿದು ಅಶಕ್ತ ನೌಕರನಿಗೆ ಸಲ್ಲುವುದನ್ನು ಸಲ್ಲಿಸಿ. ಹೂಡದಿದ್ದರೆ, ನನ್ನ ಪಂಚನಾಮೆ ನಿಜವೆಂದು ನೀವು ಒಪ್ಪಿದಂತೆ. ಮೈ ಗಟ್ಟಿಯಿದ್ದ ಮನುಷ್ಯನೊಬ್ಬ ನೂರು ಜನರ ನಡುವೆ ಬಿಳಿಯ ಸಾಹೇಬನಿಗೆ ಏಳಬಾರದೆಂದೇ ಕೂತಿದ್ದ, ಒಂಬತ್ತು ತಿಂಗಳು ದಿನಕ್ಕೆ ಮೂರು ಸಲ ಏಟು ತಿಂದರೂ ಏಳಲಿಲ್ಲ. ಆಗ ಮೊದಲನೆಯದನ್ನು ಹರಿದು ಅವನ ಜಮೀನು ಅವನಿಗೆ ಕೊಡಿ. ಸಂಕ್ರಾಂತಿಯೊಳಗೆ ಎರಡರಲ್ಲಿ ಒಂದು ಆಗಬೇಕು. ಒಂದೇ ಲಕೋಟೆಯಲ್ಲಿ ಅವನಿಗೆ ಎರಡು ಬಾಗಿಲು ಮುಚ್ಚಿದಿರಿ. ನಿಮಗೆ ನಾನು ಎರಡನ್ನೂ ತೆರೆದೇ ಇಟ್ಟಿದ್ದೇನೆ. ಯಾವುದರಿಂದ ಹೊರಗೆ ಬಂದರೂ ಎದುರಿಗೆ ಅವನೇ ಕೂತಿರುತ್ತಾನೆ.

ಅವನು ಏಳುವುದಿಲ್ಲ. ಅದನ್ನು ಮಾತ್ರ ತಪ್ಪು ತಿಳಿಯಬೇಡಿ.

ಇಂತಿ,
ಆ ದಿನ ಚಾವಡಿಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಂತ,
ಇಂದಿಗೂ ಕೈ ಊರದೆ ಏಳಬಲ್ಲ,
ನಿಮ್ಮ ಸಮನ್ಸಿನ ದಾರಿ ಕಾಯುತ್ತಿರುವ ಮಾಜಿ ಕುಲಕರ್ಣಿ